ಅಲಮಾರಿಯ ನಾಡಿ

ಚನ್ನಗಿರಿ
10 ನವೆಂಬರ್ 2024

ಪ್ರೀತಿಯ ರುಹೀನಾ,

ನೀನು ಕಳಿಸಿದ ಕೈಗಡಿಯಾರ ಕ್ಷೇಮವಾಗಿ ಬಂದು ಕೈ ಸೇರಿತು. ಎಡಗೈ. ಡಬ್ಬಿಯೊಳಗೊಂದು ಡಬ್ಬಿ, ಅದರೊಳಗೆ ಇನ್ನೊಂದು, ಅದರೊಳಗೆ ಒಂದು ಪ್ಲಾಸ್ಟಿಕ್ ಮುಸುಕು. ಇಷ್ಟು ಹೊದಿಕೆಯನ್ನು ನಾವು ಗಾದಿಗೂ ಹಾಕುವುದಿಲ್ಲ. ಪಕ್ಕದ ಸೈಕಲ್ ಶಾಪಿನ ಭೀಮೇಶ ಬಂದು ನೀನು ಇಲ್ಲಿ ಬಿಟ್ಟುಹೋದ ಹಳೆಯ ಫೋನಿಗೂ ಇದಕ್ಕೂ ನಿಕಾ ಮಾಡಿಸಿಕೊಟ್ಟ. ಒಂದೇ ಸೂರಿನಡಿ ಇದ್ದರೆ ಎರಡೂ ಮಾತಾಡಿಕೊಳ್ಳುತ್ತವಂತೆ, ದೂರವಾದರೆ ಮೌನವಂತೆ. ನಮ್ಮ ಮನೆಯಲ್ಲಿ ಇದೇನೂ ಹೊಸ ಸಂಗತಿಯಲ್ಲ.

ನನ್ನ ಎದೆ ಎಷ್ಟು ಸಲ ಬಡಿಯಿತು, ನಾನು ಎಷ್ಟು ಹೊತ್ತು ಮಲಗಿದೆ ಎಂಬುದೆಲ್ಲ ಜಗಳೂರಿನಲ್ಲಿ ನಿನ್ನ ಫೋನಿಗೆ ಬಂದು ಬೀಳುತ್ತದೆ ಎಂದು ಬರೆದಿದ್ದೀಯೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮಗಳನ್ನು ಪಡೆದರೆ ತಂದೆಯೂ ಪ್ರಯೋಗಶಾಲೆ ಆಗಬೇಕಾಗುತ್ತದೆ. ಆಗಲಿ.

ನನಗೆ ಮಾತ್ರ ಇದರ ಅಗತ್ಯ ಕಾಣುವುದಿಲ್ಲ. ಅರವತ್ತೆರಡರ ಪ್ರಾಯ, ಬಿ.ಎ. ಪದವಿ, ಮೂರು ಹೊತ್ತಿನ ಊಟ, ಐದು ಹೊತ್ತಿನ ನಮಾಜು. ಕೆಟ್ಟಿರುವುದು ಕಿವಿ ಒಂದೇ. ಹತ್ತಿ ಹಿಂಜುವ ಮಷೀನಿನ ಪಕ್ಕ ಮೂವತ್ತು ವರ್ಷ ನಿಂತ ಮೇಲೆ ಹತ್ತಿರದವರ ಮಾತೂ ಹತ್ತಿಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಅದಕ್ಕೇ ನಿನಗೆ ಫೋನಿಲ್ಲ, ಪತ್ರ. ಫೋನಿನ ಪರದೆಯ ಮೇಲೆ ಬರೆಯೋಣವೆಂದರೆ ನನ್ನ ಹೆಬ್ಬೆರಳಿಗೆ ಒಮ್ಮೆಗೇ ಮೂರು ಅಕ್ಷರ ಸಿಗುತ್ತವೆ.

ನಿಮ್ಮವ್ವನಿಗೂ ವಾಚು ತೋರಿಸಿದೆ. "ಇದನ್ನ ಕಟ್ಟಿಕೊಂಡ್ರೆ ರುಹೀನಾ ದಿನಾ ಬೆಳಿಗ್ಗೆ ಅಲ್ಲಿಂದ್ಲೇ ನೋಡ್ತಾಳಂತೆ," ಅಂದೆ.

"ಏನ್ ನೋಡ್ತಾಳೆ?"

"ಎದೆ ಹೆಂಗೆ ಹೊಡ್ಕೊಂತೈತೆ ಅಂತ."

"ದಿನಾ?"

"ದಿನಾ."

ಅವಳು ಪಾತ್ರೆ ತೊಳೆಯಲು ಹೋದಳು. ನೀನು ಪತ್ರದಲ್ಲಿ ಅವಳ ಕುಶಲ ಕೇಳಿಲ್ಲ, ಅವಳು ಪತ್ರ ಓದಿಸಿಕೊಂಡು ನಿನ್ನ ಕುಶಲ ಕೇಳಿಲ್ಲ. ಎರಡು ವರ್ಷವಾಯಿತು. ಇಬ್ಬರ ಪರವಾಗಿಯೂ ನಾನೇ ಕೇಳಿ ನಾನೇ ಉತ್ತರ ಹೇಳಿಕೊಳ್ಳುತ್ತಿದ್ದೇನೆ: ಇಬ್ಬರೂ ಕ್ಷೇಮ.

ನಿನ್ನ ತಂದೆ,
ಕಲೀಮುಲ್ಲಾ
ಇಮಾಮ್‌ಸಾಬ್ ಗಾದಿ ಅಂಗಡಿ
(ನಮ್ಮಪ್ಪನ ನಂತರ ಗಾದಿಗೆ ಬಂದವನು)


ಜಗಳೂರು
24 ನವೆಂಬರ್ 2024

ಪ್ರೀತಿಯ ಅಪ್ಪ,

ಗಾದಿಗೆ ಬಂದವರ ಆಸ್ಥಾನಕ್ಕೆ ಸಲಾಂ.

ಎರಡು ವಾರದ ವರದಿ ಹೀಗಿದೆ. ಮೊದಲು ಒಳ್ಳೆಯದು. ನಿಮ್ಮ ನಿದ್ದೆಗೆ ಆ್ಯಪು ನೂರಕ್ಕೆ ಎಂಬತ್ತೆಂಟು ಅಂಕ ಕೊಟ್ಟಿದೆ. ನನ್ನ ಹತ್ತನೇ ಕ್ಲಾಸಿನಲ್ಲಿ ಅಷ್ಟು ತೆಗೆಯುವವರು ಇಬ್ಬರೇ. ರಾತ್ರಿ ಹೊತ್ತು ನಿಮ್ಮ ನಾಡಿ ನಲವತ್ತೆಂಟಕ್ಕೆ ಇಳಿಯುತ್ತದೆ. ಅದನ್ನು ಆ್ಯಪು 'ಕ್ರೀಡಾಪಟುವಿನ ಹೃದಯ' ಎಂದು ಹೊಗಳಿ ಪಕ್ಕದಲ್ಲಿ ಒಂದು ಹಸಿರು ಎಲೆ ಬಿಡಿಸಿದೆ. ನೀವು ಕೊನೆಯ ಸಲ ಓಡಿದ್ದು ಕೆರೆಬಿಳಚಿ ಬಸ್ಸಿನ ಹಿಂದೆ, ಅದೂ ಸಿಗಲಿಲ್ಲ ಎಂದು ನನ್ನ ನೆನಪು.

ಇನ್ನು ಕೆಟ್ಟದ್ದು. ಬೆಳಿಗ್ಗೆ ಅಂಗಡಿ ತೆರೆದ ಮೇಲೆ ನಿಮ್ಮ ನಾಡಿ ನೂರ ನಲವತ್ತೆಂಟಕ್ಕೆ ಏರಿ ಅಲ್ಲೇ ಕೂತುಬಿಡುತ್ತದೆ. ಶುಕ್ರವಾರ ಅಂಗಡಿಗೆ ರಜೆ, ಅಂದು ಏರುವುದಿಲ್ಲ. ನಿಮ್ಮ ವಯಸ್ಸಿಗೆ ಇದು ಮೆಟ್ಟಿಲು ಹತ್ತಿದವರ ನಾಡಿಯಲ್ಲ, ಬೆಟ್ಟ ಹತ್ತಿದವರದು. ಏರಿದಾಗೆಲ್ಲ ನನ್ನ ಫೋನಿಗೆ ಕೆಂಪು ಎಚ್ಚರಿಕೆ ಬರುತ್ತದೆ. ಪಾಠದ ನಡುವೆ ಬೋರ್ಡಿನ ಕಡೆ ತಿರುಗಿ ಕದ್ದು ಓದಿಕೊಳ್ಳುತ್ತೇನೆ. ಟೀಚರಿಗೆ ಯಾರೋ ಇದ್ದಾರೆ ಎಂದು ಮಕ್ಕಳು ತಿಳಿದುಕೊಂಡಿದ್ದಾರೆ. ಇರುವುದು ನೀವು.

ಅಜ್ಜ ಹೋದದ್ದು ಅಂಗಡಿಯಲ್ಲೇ, ಹಿಂಜಿದ ಹತ್ತಿಯ ರಾಶಿಯ ಮೇಲೆ. ಮಧ್ಯಾಹ್ನದ ತನಕ ಎಲ್ಲರೂ ಅವರು ಮಲಗಿದ್ದಾರೆ ಎಂದೇ ಅಂದುಕೊಂಡಿದ್ದೆವು. ಸದ್ದು ಮಾಡಬೇಡ ಎಂದು ನೀವು ನನ್ನನ್ನು ಗದರಿಸಿದ್ದಿರಿ. ವಾಚು ಕಳಿಸಿದ್ದು ಯಾಕೆಂದು ಈಗ ಗೊತ್ತಾಗಿರಬಹುದು.

ಆದ್ದರಿಂದ ಕೇಳುತ್ತಿದ್ದೇನೆ. ಹತ್ತಿ ತುಂಬುವುದು, ಬೆತ್ತದಿಂದ ಬಡಿಯುವುದು ಬಿಟ್ಟು ಗಲ್ಲಾ ಹತ್ತಿರ ಕುಳಿತುಕೊಳ್ಳಿ. ಅದು ಆಗದಿದ್ದರೆ ಮಷೀನು ಮಾರಿ ಅಂಗಡಿ ಮುಚ್ಚೋಣ.

ನಿಮ್ಮ ಮಗಳು,
ರುಹೀನಾ

ವಿ.ಸೂ.: ಇಬ್ಬರೂ ಕ್ಷೇಮ ಎಂದು ಬರೆದಿದ್ದೀರಿ. ಸಂತೋಷ.


ಚನ್ನಗಿರಿ
8 ಡಿಸೆಂಬರ್ 2024

ಪ್ರೀತಿಯ ರುಹೀನಾ,

ನಿದ್ದೆಯಲ್ಲಿ ಎಂಬತ್ತೆಂಟು ಬಂದದ್ದನ್ನು ಭೀಮೇಶನಿಗೂ ಹೇಳಿದೆ. ಬಿ.ಎ.ಯಲ್ಲಿ ಎಚ್ಚರವಾಗಿದ್ದು ಬರೆದಾಗ ನಲವತ್ತೊಂದು ಬಂದಿತ್ತು. ಯಾರ ಪ್ರತಿಭೆ ಎಲ್ಲಿ ಮಲಗಿರುತ್ತದೋ ಹೇಳಲಾಗದು.

ನೂರ ನಲವತ್ತೆಂಟರ ಬಗ್ಗೆ: ನನಗೆ ಎದೆನೋವಿಲ್ಲ, ಏದುಸಿರಿಲ್ಲ, ಇರುವುದು ಬೆವರು ಮಾತ್ರ. ಬೆವರದೆ ಗಾದಿ ಮಾಡಿದವರನ್ನು ನಾನು ನೋಡಿಲ್ಲ. ಊರಿಗೆಲ್ಲ ಫೋಮಿನ ಹಾಸಿಗೆ ಬಂದಿದೆ. ಹತ್ತಿ ಗಾದಿಯೇ ಬೇಕೆಂದು ಬರುವವರಿಗೆ ನಮ್ಮ ಬೀದಿಯಲ್ಲಿ ಉಳಿದಿರುವುದು ಇದೊಂದೇ ಬಾಗಿಲು. ಮಷೀನು ಗುಜರಿಗೆ ಹಾಕುವ ದಿನ ಅದರ ಪಕ್ಕದಲ್ಲಿ ನನ್ನನ್ನೂ ತೂಗಿಸಿಬಿಡು. ಗಲ್ಲಾ ಹತ್ತಿರ ಕೂತುಕೊಳ್ಳಿ ಅನ್ನುತ್ತೀಯೆ. ಗಲ್ಲಾ ಹತ್ತಿರ ಕೂತವನು ಗಲ್ಲಕ್ಕೆ ಕೈ ಕೊಟ್ಟುಕೊಂಡು ಕೂರಬೇಕಾಗುತ್ತದೆ, ಅಷ್ಟೇ.

ಹೊನ್ನಾಳಿಯ ಸುದ್ದಿಯನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಜುಬೇರನಿಗೆ ಮದುವೆ ಗೊತ್ತಾಗಿದೆ. ನಿನ್ನ ಚಿಕ್ಕಮ್ಮ ಕಳೆದ ವಾರ ಬಂದಿದ್ದರು. ನೀನು ಅವರ ಮಗ ಬೇಡವೆಂದು ನಿಶ್ಚಯ ಮುರಿದು ಜಗಳೂರಿಗೆ ವರ್ಗ ಮಾಡಿಸಿಕೊಂಡು ಹೋದ ಮೇಲೆ ಅಕ್ಕತಂಗಿ ಒಂದೇ ಚಾಪೆಯ ಮೇಲೆ ಕೂತದ್ದು ಇದೇ ಮೊದಲು. ಚಹಾ ಮುಗಿಸಿ ಚಿಕ್ಕಮ್ಮ ಅಟ್ಟದ ಕಡೆ ನೋಡಿದರು. ನಿನ್ನ ಮದುವೆಗೆಂದು ನಿಮ್ಮವ್ವ ಹೊಲಿದ ಗಾದಿ ಅಲ್ಲಿ ಬಟ್ಟೆ ಸುತ್ತಿಕೊಂಡು ಕೂತಿದೆ.

"ಹೆಂಗೂ ಐತಲ್ಲಕ್ಕ, ಅದನ್ನೇ ಕೊಟ್ಟುಬಿಡು. ಹೊಸದು ಯಾಕೆ ಹೊಲೀತಿ?"

"ಅದು ಆಗಲ್ಲ."

"ಯಾಕೆ, ಅಳತೆ ಸಾಲಲ್ವಾ?"

"ಅದು ನನ್ನ ಮಗಳ ಅಳತೆ."

ಅಷ್ಟೇ. ಮುಂದಕ್ಕೆ ಮಾತು ಅಡಿಕೆ ಧಾರಣೆಯ ಕಡೆ ಹೋಯಿತು.

ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತೇ ಇದೆ. ಹೆಣ್ಣುಮಗಳ ಗಾದಿಯನ್ನು ತಾಯಿಯೇ ಹೊಲಿಯಬೇಕು, ಯಾರಿಗೆಂದು ಹೊಲಿದದ್ದೋ ಅವರೇ ಮೊದಲು ಮಲಗಬೇಕು, ಅಲ್ಲಿಯ ತನಕ ಅದರ ಮೇಲೆ ಬೆಕ್ಕು ಕೂಡ ಕೂರುವಂತಿಲ್ಲ. ಅಟ್ಟ ಹತ್ತಿದ ಬೆಕ್ಕನ್ನು ನಿಮ್ಮವ್ವ ಎರಡು ವರ್ಷದಿಂದ ಓಡಿಸುತ್ತಲೇ ಇದ್ದಾಳೆ.

ಜುಬೇರನ ಮದುವೆಗೆಂದು ಹೊನ್ನಾಳಿಗೆ ಬೇರೆ ಗಾದಿ ಶುರುವಾಗಿದೆ. ನಾನು ತುಂಬಿ ಬಡಿಯುತ್ತೇನೆ, ಅವಳು ಹೊಲಿಯುತ್ತಾಳೆ. ನಡುನಡುವೆ ಸೂಜಿ ಕೆಳಗಿಟ್ಟು ಕಣ್ಣು ಮುಚ್ಚಿ ಕೂರುತ್ತಾಳೆ. ಕೇಳಿದರೆ "ದಾರ ಕಾಣ್ತಿಲ್ಲ" ಅನ್ನುತ್ತಾಳೆ. ಕನ್ನಡಕ ಬದಲಿಸಬೇಕು.

ನಿನ್ನ ತಂದೆ,
ಕಲೀಮುಲ್ಲಾ
(ನಿದ್ರಾ ವಿಷಯದಲ್ಲಿ ಉನ್ನತ ಶ್ರೇಣಿ)


ಜಗಳೂರು
22 ಡಿಸೆಂಬರ್ 2024

ಅಪ್ಪ,

ಕನ್ನಡಕ ಬದಲಿಸಿ, ಮಾತು ಬದಲಿಸಬೇಡಿ.

ಹೊನ್ನಾಳಿ ಗಾದಿ ಶುರುವಾದಂದಿನಿಂದ ಕೆಂಪು ಎಚ್ಚರಿಕೆ ಬೆಳಿಗ್ಗೆಯೂ ಬರುತ್ತದೆ, ಸಂಜೆಯೂ ಬರುತ್ತದೆ. ರಾತ್ರಿಯ ನಾಡಿ ಇನ್ನೂ ಇಳಿದು ನಲವತ್ತೆರಡಾಗಿದೆ. ಆ್ಯಪು ಈಗಲೂ ಹಸಿರು ಎಲೆ ಬಿಡಿಸುತ್ತಿದೆ. ನನಗೀಗ ಎಲೆ ಕಂಡರೂ ಭಯ. ಹಗಲು ಕುದುರೆ, ರಾತ್ರಿ ಆಮೆ. ಒಂದೇ ಹೃದಯ ಎರಡೂ ಆಗುವುದು ಹೇಗೆಂದು ನನ್ನ ವಿಜ್ಞಾನಕ್ಕೆ ಹೊಳೆಯುತ್ತಿಲ್ಲ.

ಇಸಿಜಿ ಮಾಡಿಸಿ. ಅಲ್ಲಿಯವರೆಗೆ ಬೆತ್ತ ಮುಟ್ಟಬೇಡಿ. ತೊಂದರೆ ಕಂಡರೆ ಮಷೀನು ಮಾರುವುದು. ಕಾಣದಿದ್ದರೆ ನಾನು ಅಂಗಡಿಯ ವಿಷಯಕ್ಕೆ ಇನ್ನು ಬಾಯಿ ಬಿಡುವುದಿಲ್ಲ. ಇದು ಕರಾರು.

ಜುಬೇರನಿಗೆ ಒಳ್ಳೆಯದಾಗಲಿ. ಅವನ ಮೇಲೆ ನನಗೆ ದೂರೇನೂ ಇರಲಿಲ್ಲ. ಒಂದು ದೂರಾದರೂ ಇದ್ದಿದ್ದರೆ ಅವ್ವನಿಗೆ ಹೇಳಲು ಸುಲಭವಾಗುತ್ತಿತ್ತು. ಬೇಡ ಅನ್ನಿಸಿತು ಎಂದಷ್ಟೇ ಹೇಳಿದೆ. ಅದನ್ನು ಅವಳು, ನೀನು ಹೊಲಿದದ್ದು ಬೇಡ ಎಂದು ಕೇಳಿಸಿಕೊಂಡಳೋ ಏನೋ.

'ನನ್ನ ಮಗಳ ಅಳತೆ' ಎಂದಳೆಂದು ಬರೆದಿದ್ದೀರಿ. ಅವಳು ಅಂದದ್ದು ಅದೇ ಮಾತೇ? ಅಥವಾ ನಿಮ್ಮ ಕಿವಿ ಸೇರಿಸಿದ್ದೇ?

ರುಹೀನಾ


ಚನ್ನಗಿರಿ
12 ಜನವರಿ 2025

ಪ್ರೀತಿಯ ರುಹೀನಾ,

ಅದೇ ಮಾತು. ಚಿಕ್ಕಮ್ಮನೂ ಸಾಕ್ಷಿ.

ಸವಳಂಗದ ಒಂದು ಮನೆಗೆ ದಿಂಬು ಮುಟ್ಟಿಸಿ ಬರುವಾಗ ನ್ಯಾಮತಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಯ ಶಿಬಿರ ಕಂಡಿತು. ಕರಾರು ನೆನಪಾಗಿ ಇಳಿದೆ. ಅಲ್ಲಿಯ ಆಶಾ ಎಂಬ ಡಾಕ್ಟರು, ನಿನ್ನ ವಯಸ್ಸಿನವರೇ. ನನ್ನ ಎದೆಯ ಮೇಲೆ ವೈರುಗಳ ಬಳ್ಳಿ ಹಬ್ಬಿಸಿ, ಕಾಗದ ಎಳೆದು ನೋಡಿದರು.

"ಎದೆ ಚೆನ್ನಾಗೈತ್ರಿ. ಎಪ್ಪತ್ತಾರು."

"ಹಂಗಾದ್ರೆ ಈ ವಾಚು ನೂರ ನಲವತ್ತೆಂಟು ಅಂತೈತಲ್ರೀ, ಡಾಕ್ಟ್ರೇ?"

"ಏನ್ ಮಾಡುವಾಗ?"

"ಗಾದಿ ಬಡಿಯುವಾಗ."

"ಬಡಿದು ತೋರಿಸ್ರಿ."

ಅಲ್ಲಿ ಗಾದಿ ಎಲ್ಲಿಂದ ಬರಬೇಕು? ರೋಗಿಗಳು ಮಲಗುವ ಬೆಂಚಿನ ಮೆತ್ತೆಯನ್ನೇ ಅವರ ಛತ್ರಿ ತೆಗೆದುಕೊಂಡು ಬಡಿದೆ. ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜಿ, "ಇದ್ಯಾವ ಟೆಸ್ಟೇ ನಮ್ಮವ್ವ, ನಂಗೂ ಮಾಡಿಸ್ತಾರೇನು?" ಎಂದು ಪಕ್ಕದವಳನ್ನು ಕೇಳಿದಳಂತೆ. ಡಾಕ್ಟರು ಒಂದು ಕೈಯಲ್ಲಿ ನನ್ನ ಕುತ್ತಿಗೆಯ ನರ ಹಿಡಿದು ಎಣಿಸಿದರು. ನರ ತೊಂಬತ್ತಾರು ಅಂದಿತು, ವಾಚು ನೂರ ನಲವತ್ತಾರು ಅಂದಿತು. ಆಮೇಲೆ ಛತ್ರಿಯ ಏಟುಗಳನ್ನು ಎಣಿಸಿದರು. ಅದೂ ನೂರ ನಲವತ್ತಾರು.

"ಇದು ನಿಮ್ಮ ಎದೆ ಎಣಿಸ್ತಿಲ್ಲ ಸಾಬ್ರೇ, ನಿಮ್ಮ ಕೈ ಎಣಿಸ್ತೈತೆ," ಅಂದರು.

ವಾಚಿನ ಹೊಟ್ಟೆಯಲ್ಲಿ ಒಂದು ಹಸಿರು ದೀಪ ಇದೆಯಲ್ಲ, ಅದು ಚರ್ಮದೊಳಗೆ ಬೆಳಕು ಬಿಟ್ಟು ರಕ್ತ ಉಬ್ಬುವುದನ್ನು ನೋಡುತ್ತದಂತೆ. ಕೈ ಒಂದೇ ತಾಳದಲ್ಲಿ ಬೀಸಿದರೆ ಬೆಳಕೂ ಅದೇ ತಾಳದಲ್ಲಿ ಅಲುಗುತ್ತದೆ, ವಾಚು ಅದನ್ನೇ ರಕ್ತ ಎಂದು ನಂಬುತ್ತದೆ. ಎದೆಬಡಿತಕ್ಕೂ ಗಾದಿಬಡಿತಕ್ಕೂ ವ್ಯತ್ಯಾಸ ತಿಳಿಯದ ಇಂಥ ಯಂತ್ರವನ್ನು ನಂಬಿ ನೀನು ನನ್ನ ಮಷೀನು ಮಾರಿಸಲು ಹೊರಟಿದ್ದೆ. ಕರಾರಿನ ಪ್ರಕಾರ ಇನ್ನು ನೀನು ಬಾಯಿ ಬಿಡುವಂತಿಲ್ಲ.

ಆ ಧೈರ್ಯದ ಮೇಲೆ ಇನ್ನೊಂದು ಹೇಳಿಬಿಡುತ್ತೇನೆ. ನಾನು ವಾಚನ್ನು ಒಂದು ರಾತ್ರಿಯೂ ಕಟ್ಟಿಕೊಂಡಿಲ್ಲ. ಸಂಜೆ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂಗೆ ಬಿಚ್ಚಿ ನಿಮ್ಮವ್ವನ ಕೈಗೆ ಕೊಡುತ್ತೇನೆ. ಚಾರ್ಜಿಗೆ ಹಾಕುವುದು, ಒಳಮನೆಯ ಅಲಮಾರಿಯಲ್ಲಿ ಇಡುವುದು ಅವಳ ಇಲಾಖೆ. ಗೊರಕೆಯ ಕಾರಣಕ್ಕೆ ನನ್ನನ್ನು ಅಂಗಡಿಯ ಪಡಸಾಲೆಗೆ ಅಟ್ಟಿ ವರ್ಷಗಳಾದವು. ಗಡಿಯಾರ ಒಳಗೆ, ನಾನು ಗಡಿಪಾರು. ಬೆಳಿಗ್ಗೆ ನೋಡಿದರೆ ಅಲಮಾರಿಯಲ್ಲೇ ಇರುತ್ತದೆ. ಹಾಗಾದರೆ ಎಂಬತ್ತೆಂಟು ಅಂಕ ತೆಗೆದ ಆ ನಿದ್ದೆ ಯಾರದು? ಅಲಮಾರಿಯದು. ಸಾಗುವಾನಿ ಮರ, ಕದಲದೆ ಮಲಗುತ್ತದೆ, ನಾಡಿಯೂ ನಿಧಾನ. ಕ್ರೀಡಾಪಟು ಎಂದರೆ ಅದು. ನೀನು ಹೊಗಳಿದಾಗೆಲ್ಲ ನಾನು ಗೌರವ ಡಾಕ್ಟರೇಟ್ ಸ್ವೀಕರಿಸಿದವನ ಹಾಗೆ ಸುಮ್ಮನಿದ್ದೆ.

ಹೊನ್ನಾಳಿ ಗಾದಿ ಹೋಯಿತು. ಅದನ್ನು ಆಟೋಗೆ ಏರಿಸುವಾಗ ನಿಮ್ಮವ್ವ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಬಿಸಿಲು" ಅಂದಳು. ಜನವರಿಯ ಬಿಸಿಲು.

ನಿನ್ನ ತಂದೆ,
ಕಲೀಮುಲ್ಲಾ
(ಎದೆಗಾರ, ಸರ್ಕಾರಿ ಕಾಗದದ ಪ್ರಕಾರ)


ಜಗಳೂರು
24 ಜನವರಿ 2025

ಅಪ್ಪ,

ಕರಾರು ಮುರಿಯುತ್ತಿದ್ದೇನೆ. ಇದನ್ನು ನಿಂತಲ್ಲೇ ಓದಿ.

ನಿಮ್ಮ ಪತ್ರ ಬಂದ ದಿನ ನಕ್ಕೆ. ಕ್ಲಾಸಿನಲ್ಲೂ ಪ್ರಯೋಗ ಮಾಡಿದೆ. ನಮ್ಮ ಶಾಲೆಯ ಮಮತಾ ಟೀಚರ್ ಹತ್ತಿರ ಅಂಥದ್ದೇ ವಾಚು ಇದೆ. ಬೋರ್ಡು ಒರೆಸುವ ಬಟ್ಟೆಯನ್ನು ಸುರುಳಿ ಸುತ್ತಿ ಅದಕ್ಕೆ ವಾಚು ಕಟ್ಟಿದೆವು. ಸ್ವಲ್ಪ ಹೊತ್ತು ಯೋಚಿಸಿ ಎಪ್ಪತ್ತೊಂದು ಅಂದಿತು. ಬಟ್ಟೆ ಬದುಕಿದೆ ಎಂದು ಮಕ್ಕಳು ಚಪ್ಪಾಳೆ ತಟ್ಟಿದರು. ಅಲಮಾರಿಯ ನಾಡಿಯೂ ಹೀಗೇ ಹುಟ್ಟಿದ್ದಿರಬೇಕು ಎಂದುಕೊಂಡು ನಾನೂ ಸಮಾಧಾನಪಟ್ಟೆ.

ನಿನ್ನೆ ಆ ಬಟ್ಟೆಯ ನಾಡಿಯನ್ನೂ ನಿಮ್ಮ ಅಲಮಾರಿಯ ನಾಡಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಬಟ್ಟೆಯದು ಎಲ್ಲೆಲ್ಲೋ ಜಿಗಿಯುತ್ತದೆ, ಮಾಯವಾಗುತ್ತದೆ, ಮತ್ತೆ ಹುಟ್ಟುತ್ತದೆ. ಅಲಮಾರಿಯದು ಹಾಗಲ್ಲ. ಎರಡೂವರೆ ತಿಂಗಳಿಂದ ಒಂದೇ ದಾರಿ ಹಿಡಿದು ಇಳಿದಿದೆ. ಅಲಮಾರಿ ಆಗೀಗ ಮಗ್ಗುಲು ಬದಲಿಸುತ್ತದೆ. ಬೆಳಗಿನ ಜಾವ ಫಜರ್ ನಮಾಜಿನ ಹೊತ್ತಿಗೆ ಎದ್ದು ಬಚ್ಚಲಿನ ತನಕ ನಡೆಯುತ್ತದೆ. ವಾಪಸು ಬರುವಾಗ ನಡುದಾರಿಯಲ್ಲಿ ನಿಂತುಬಿಡುತ್ತದೆ, ಆಮೇಲೆ ಮತ್ತೆ ನಡೆಯುತ್ತದೆ.

ಅಪ್ಪ, ಅದು ಅಲಮಾರಿಯಲ್ಲ.

ಈಗ ಮೂವತ್ತಾರಕ್ಕೆ ಇಳಿದಿದೆ. ಇದೂ ಸುಳ್ಳಿರಬಹುದು. ಇಂಥ ವಾಚು ಕೆಲವು ಸಲ ಎರಡು ಬಡಿತಕ್ಕೆ ಒಂದನ್ನೇ ಎಣಿಸುತ್ತದೆಯಂತೆ. ಆದರೆ ದಾರ ಕಾಣದೆ ಕಣ್ಣು ಮುಚ್ಚಿದ್ದು, ಮೆಟ್ಟಿಲ ಮೇಲೆ ಕೂತದ್ದು ವಾಚು ಹೇಳಿದ್ದಲ್ಲ. ನೀವು ಬರೆದದ್ದು.

ಫೋನಿಗೆ ಮೆಸೇಜು ಹಾಕಿದರೆ ನೀವು ನೋಡುವುದಿಲ್ಲ. ಭೀಮೇಶನಿಗೆ ಹೇಳಿದರೆ ಬೀದಿಗೆಲ್ಲ ಸುದ್ದಿಯಾಗಿ ಅವ್ವ ವಾಚು ಬಿಚ್ಚಿ ಎಸೆಯುತ್ತಾಳೆ. ನಾನೇ ಬಂದರೆ, ಆರಾಮಾಗಿದ್ದೇನೆ ಎಂದು ತೋರಿಸಲು ನನ್ನೆದುರು ತುಂಬಿದ ಕೊಡ ಎತ್ತುತ್ತಾಳೆ. ಮಮತಾ ಟೀಚರ್ ನಾಳೆ ತ್ಯಾವಣಿಗೆಗೆ ತವರಿಗೆ ಹೊರಟಿದ್ದಾರೆ. ಚನ್ನಗಿರಿಗೆ ಬಂದು ಇದನ್ನು ನಿಮ್ಮ ಕೈಗೇ ಕೊಡುತ್ತಾರೆ. ಅವ್ವನನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾನು ಹೇಳಿದೆ ಅನ್ನಬೇಡಿ.

ರುಹೀನಾ


ದಾವಣಗೆರೆ
28 ಜನವರಿ 2025

ರುಹೀನಾ,

ಇದು ಅಂಚೆಗೆ ಕಾಯುವ ಪತ್ರವಲ್ಲ. ಬರೆದು ಕೊಟ್ಟರೆ ಇಲ್ಲಿನ ನರ್ಸಮ್ಮ ಫೋಟೊ ತೆಗೆದು ನಿನ್ನ ಫೋನಿಗೆ ಕಳಿಸುತ್ತಾರೆ.

ಮಮತಾ ಟೀಚರ್ ಚಹಾ ಕೂಡ ಕುಡಿಯದೆ ಹೋದರು. ಸಂಜೆ ವಾಚು ಬಿಚ್ಚಿ ಎಂದಿನಂತೆ ನಿಮ್ಮವ್ವನ ಕೈಗೆ ಕೊಟ್ಟೆ. ಅವಳು ಅಲಮಾರಿಯ ಕಡೆ ತಿರುಗಿದಳು.

"ಅಲ್ಲಿಡಬ್ಯಾಡ. ಕಟ್ಟಿಕೋ," ಅಂದೆ.

"ಯಾರು ಹೇಳಿದ್ರು?"

"ಅಲಮಾರಿ."

ಅವಳು ಅಲ್ಲೇ ನೆಲಕ್ಕೆ ಕೂತಳು. "ನೀವು ಬಿಚ್ಚಿಟ್ರೆ ಬೆಳಿಗ್ಗೆ ಅವಳಿಗೆ ಏನೂ ಕಾಣಲ್ಲ. ಹೆದರ್ಕೊಂತಾಳೆ ಅಂತ ಕಟ್ಟಿಕೊಂಡೆ," ಅಂದಳು.

"ಎರಡೂವರೆ ತಿಂಗಳು?"

"ದಿನಾ ನೋಡ್ತಾಳೆ ಅಂದ್ರಲ್ಲ."

"ನಿನ್ನ ಎದೆ ಅಂತ ಅವಳಿಗೆ ಹೆಂಗೆ ಗೊತ್ತಾಗಬೇಕು?"

"ಗೊತ್ತಾಗೋದು ಬ್ಯಾಡಿತ್ತು. ನೋಡಿದ್ರೆ ಸಾಕಿತ್ತು."

ವಾಚನ್ನು ಅವಳ ಕೈಗೆ ನಾನೇ ಕಟ್ಟಿದೆ.

ಸೋಮವಾರ ನ್ಯಾಮತಿಗೆ ಹೋದೆವು. ಆಶಾ ಡಾಕ್ಟರು ಕಾಗದ ಎಳೆದು ನೋಡಿದರು, ಚೆನ್ನಾಗೈತ್ರಿ ಅನ್ನಲಿಲ್ಲ. ಎದೆಯ ಮೇಲಿನ ಕೋಣೆ ಹೇಳಿದ್ದು ಕೆಳಗಿನ ಕೋಣೆಗೆ ಕೇಳಿಸುತ್ತಿಲ್ಲವಂತೆ. ನನಗೆ ತಕ್ಷಣ ಅರ್ಥವಾಯಿತು, ನಮ್ಮದೇ ಮನೆಯ ಕಾಯಿಲೆ. ಆಂಬುಲೆನ್ಸಿನಲ್ಲಿ ಇಲ್ಲಿಗೆ ಕಳಿಸಿದರು. ವಾಚು ಸರಿಯಾಗಿಯೇ ಎಣಿಸಿತ್ತಂತೆ, ಹೆಸರು ಮಾತ್ರ ನನ್ನದು ಬರೆದುಕೊಂಡಿತ್ತು. ನಾಳೆ ಎದೆಯೊಳಗೆ ಒಂದು ಪುಟ್ಟ ಮಷೀನು ಕೂರಿಸುತ್ತಾರೆ.

ನೀನು ಬಾ. ಇದನ್ನು ಹೇಳುತ್ತಿರುವವನು ನಾನು, ಅವಳಲ್ಲ. ಆದರೂ ಬಾ.

ಅಪ್ಪ


ಜಗಳೂರು
9 ಫೆಬ್ರವರಿ 2025

ಪ್ರೀತಿಯ ಅಪ್ಪ,

ಆಸ್ಪತ್ರೆಯ ಕಾರಿಡಾರಿನಲ್ಲಿ ನಮಗೆ ಮಾತಾಡಲು ಹೊತ್ತು ಸಿಗಲಿಲ್ಲ. ಸಿಕ್ಕಿದ್ದರೂ ನಾನು ಕೂಗಬೇಕಾಗುತ್ತಿತ್ತು, ವಾರ್ಡಿಗೆಲ್ಲ ಕೇಳಿಸುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಆಪರೇಷನ್ ಆದ ಮಾರನೆಯ ದಿನ ನೀವು ಮಾತ್ರೆ ತರಲು ಕೆಳಗೆ ಇಳಿದಿರಲ್ಲ, ಆಗ ನಾನು ಒಳಗೆ ಹೋದೆ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸಲಿಲ್ಲ. ಕಾಲ ಹತ್ತಿರ ಕೂತು ಸ್ವಲ್ಪ ಹೊತ್ತು ಕಾಲು ಒತ್ತಿದೆ. ಏನೇನೋ ಹೇಳಿದೆ ಕೂಡ. ಮಲಗಿರುವವರ ಹತ್ತಿರ ಮಾತಾಡುವುದು ಸುಲಭ, ನಡುವೆ ಬಾಯಿ ಹಾಕುವುದಿಲ್ಲ. ನೀವು ಬಂದಿರಿ, ನಾನು ಎದ್ದೆ. ಮರುದಿನ ಪೂರ್ವಸಿದ್ಧತಾ ಪರೀಕ್ಷೆಯ ಕೆಲಸ ಇತ್ತು, ಸಂಜೆಯ ಬಸ್ಸು ಹಿಡಿದೆ.

ಬಸ್ಸಿನಲ್ಲಿ ಫೋನು ತೆರೆದು ನೋಡಿದೆ. ವಾಚು ಅವಳ ಕೈಯಲ್ಲೇ ಇತ್ತಲ್ಲ. ನಾನು ಕೂತಿದ್ದ ಅಷ್ಟೂ ಹೊತ್ತಿಗೆ 'ಗಾಢ ನಿದ್ರೆ' ಎಂದು ಬರೆದಿತ್ತು. ಎಬ್ಬಿಸದೆ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಎದ್ದಿದ್ದರೆ ನನ್ನನ್ನು ನೋಡಲು ಅವಳಿಗೆ ಇಷ್ಟವಿತ್ತೋ ಇಲ್ಲವೋ, ಅದು ಆ್ಯಪಿನಲ್ಲಿ ಇಲ್ಲ.

ನಿಮ್ಮ ಅಂಗಡಿಯ ವಿಷಯಕ್ಕೆ ಇನ್ನು ಬರುವುದಿಲ್ಲ. ಬಡಿಯಿರಿ. ಕೆಂಪು ಎಚ್ಚರಿಕೆ ಬರದಂತೆ ಮಾಡಿಕೊಂಡಿದ್ದೇನೆ. ಮಕ್ಕಳಿಗೆ ನಿರಾಸೆಯಾಗಿದೆ.

ನಾಲ್ಕು ದಿನದಿಂದ ರಾತ್ರಿಯದೂ ಏನೂ ಬರುತ್ತಿಲ್ಲ. ವಾಚು ಯಾರ ಹತ್ತಿರ ಇದೆ?

ನಿಮ್ಮ ಮಗಳು,
ರುಹೀನಾ


ಚನ್ನಗಿರಿ
20 ಫೆಬ್ರವರಿ 2025

ರುಹೀನಾಗೆ ಅವ್ವ ಬರೆಯೋದು,

ನಾಲ್ಕನೇ ಕ್ಲಾಸಿನ ಅಕ್ಷರ, ಹೆಂಗೈತೋ ಹಂಗೆ ಓದಿಕೋ. ನಿಮ್ಮಪ್ಪ ತಿದ್ದಿಕೊಡ್ತೀನಿ ಅಂತ ಬಂದ್ರು. ಅವರು ತಿದ್ದಿದ್ರೆ ನಗೋ ಮಾತು ಸೇರಿಸ್ತಾರೆ. ಅಂಗಡಿಗೆ ಕಳಿಸಿದೆ.

ಆಸ್ಪತ್ರೆಯಾಗೆ ನಾನು ನಿದ್ದೆ ಮಾಡ್ತಿದ್ದೆ ಅಂತ ಬರೆದೀಯಂತೆ. ನಿನ್ನ ಫೋನಿನಾಗೆ ಹಂಗೆ ಬಂದಿತ್ತಂತೆ. ನಾನು ಎಚ್ಚರ ಇದ್ದೆ. ಬಾಗಿಲಾಗೆ ನಿನ್ನ ಚಪ್ಪಲಿ ಸಪ್ಪಳ ಕೇಳಿದ್ದಕ್ಕೇ ನೀನು ಅಂತ ಗೊತ್ತಾತು, ಗೋಡೆ ಕಡೆ ತಿರುಗಿಕೊಂಡೆ. ಕಣ್ಣು ಬಿಟ್ರೆ ಏನ್ ಮಾತಾಡಬೇಕು ಅಂತ ಹೊಳೀಲಿಲ್ಲ. ಅಲುಗಾಡದಂಗೆ ಬಿದ್ಕೊಂಡಿದ್ರೆ ಆ ವಾಚು ಅದನ್ನ ನಿದ್ದೆ ಅಂತ ಬರ್ಕೊಂತೈತಂತೆ, ಆಶಾ ಡಾಕ್ಟ್ರು ಹೇಳಿದ್ರು. ಎಂಬತ್ತೆಂಟು ಮಾರ್ಕು ಕೊಟ್ಟಿದ್ದೂ ಹಂಗೇ. ಎರಡು ವರ್ಷದಿಂದ ಹಂಗೇ ಮಲಗಿರೋದು ನಾನು.

ನೀನು ಕಾಲು ಒತ್ತಿದ್ದು ಗೊತ್ತಾತು. ಹೇಳಿದ್ದೂ ಕೇಳಿಸ್ತು. ನಿಮ್ಮಪ್ಪಂದಂಗಲ್ಲ, ನನ್ನ ಕಿವಿ ಚೆನ್ನಾಗೈತೆ. ಅದಕ್ಕೆ ಜವಾಬು ಕಾಗದದಾಗೆ ಬರೆಯಾಕೆ ನಂಗೆ ಬರಲ್ಲ.

ವಾಚು ಅಲಮಾರಿಯಾಗೆ ಐತೆ. ಈ ಸಲ ನಿಜವಾಗ್ಲೂ ಅಲಮಾರಿಯಾಗೇ ಐತೆ. ಎದೆ ಒಳಗೆ ಹಾಕಿರೋ ಮಷೀನಿಂದು ನಿನ್ನ ಫೋನಿಗೆ ಬರಲ್ಲಂತೆ, ಕೇಳಿದೆ. ನೋಡಬೇಕು ಅಂದ್ರೆ ಬಸ್ಸು ಹತ್ತಿ ಬಂದೇ ನೋಡಬೇಕು.

ಅಟ್ಟದಿಂದ ನಿನ್ನ ಗಾದಿ ಇಳಿಸಿ ಬಿಸಿಲಿಗೆ ಹಾಕಿಸೀನಿ. ನಿಮ್ಮಪ್ಪ ಬಡಿದು ಕೊಟ್ರು. ಹತ್ತಿ ಚೆನ್ನಾಗಿ ಎದ್ದೈತೆ. ಮದುವೆಗಲ್ಲ, ಮಲಗಾಕೆ. ಒಳಮನೆಯಾಗೆ ನನ್ನ ಪಕ್ಕ ಹಾಸೀನಿ. ರಂಜಾನ್ ಚಂದ್ರ ಕಾಣೋದ್ರೊಳಗೆ ಬಾ. ಆ ಬೆಕ್ಕನ್ನ ಇನ್ನೂ ಎಷ್ಟು ದಿನ ಅಂತ ಓಡಿಸ್ಲಿ.

ನಿಮ್ಮವ್ವ
ಮೆಹರಾಜ್ ಬೇಗಂ